ಆರಿಸಿ ಓದಬೇಕಾದ ಆರ್ಟ್ಸ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಜಡಿಗೇನಹಳ್ಳಿ ಕಡೆಯ ಮನೆಗಳಲ್ಲಿ ಲೆಕ್ಕಾಚಾರ ಬೇಗ ಮುಗಿದುಬಿಡುತ್ತದೆ. ತೊಂಬತ್ತು ಪರ್ಸೆಂಟ್ ದಾಟಿದವರಿಗೆ ಸೈನ್ಸ್, ಎಪ್ಪತ್ತರ ಆಸುಪಾಸಿನವರಿಗೆ ಕಾಮರ್ಸ್, ಅದಕ್ಕಿಂತ ಕೆಳಗೆ ಬಂದವರಿಗೆ ಆರ್ಟ್ಸ್. ಹುಡುಗ ಯಾವ ಪಾಠವನ್ನು ಇಷ್ಟಪಟ್ಟು ಓದುತ್ತಿದ್ದ, ಹುಡುಗಿ ಯಾವ ಮೇಷ್ಟ್ರ ಪೀರಿಯಡ್ಡಿಗೆ ಕಾಯುತ್ತಿದ್ದಳು ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. ಪಿಯು ಕಾಲೇಜಿನ ಕೌಂಟರಿನ ಮುಂದೆ ಮಾರ್ಕ್ಸ್ ಕಾರ್ಡ್ ಹಿಡಿದು ನಿಂತ ಅಪ್ಪ, "ಏನ್ ಸಾರ್, ನಮ್ ಹುಡ್ಗೀಗೆ ಆರ್ಟ್ಸೇ ಗತೀನಾ?" ಎಂದು ಕೇಳುವುದು ಈ ಭಾಗದ ಉಪನ್ಯಾಸಕರಿಗೆ ಹೊಸದಲ್ಲ. "ಗತಿ ಅಂತ ಯಾಕಂತೀರಿ ಯಜಮಾನ್ರೇ, ಸಮಾಜದಲ್ಲಿ ತೊಂಬತ್ತಾರು ತಗೊಂಡವ್ಳಲ್ಲ" ಎಂದರೆ, "ಅದು ಸರಿ ಸಾರ್, ನಾಳೆ ಕೆಲ್ಸ ಕೊಡ್ತಾರಾ?" ಎಂಬ ಪ್ರಶ್ನೆ ತಯಾರಾಗಿರುತ್ತದೆ.

ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎರಡೆಕರೆ ರಾಗಿ ಹೊಲ, ನಾಲ್ಕು ಹಸು ನಂಬಿಕೊಂಡು ಮಗಳನ್ನು ಓದಿಸುವವರು ಕೆಲಸದ ಮಾತನ್ನು ಮೊದಲು ಕೇಳದೆ ಇನ್ನೇನನ್ನು ಕೇಳಬೇಕು? ಆದರೆ ಉತ್ತರ ಅವರು ಅಂದುಕೊಂಡಷ್ಟು ನಿರಾಶೆಯದಲ್ಲ. ಭಾಷೆ ಮತ್ತು ಮಾನವಿಕ ವಿಷಯಗಳನ್ನು ಉಳಿದುದೆಂದು ತೆಗೆದುಕೊಂಡರೆ ನಿರಾಶೆ ಖಂಡಿತ. ತಿಳಿದು, ಆರಿಸಿ ತೆಗೆದುಕೊಂಡರೆ ಅದು ಗಟ್ಟಿ ಓದು.

ಜಡಿಗೇನಹಳ್ಳಿ ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದು. ಕಸಬಾ, ಸೂಲಿಬೆಲೆ, ನಂದಗುಡಿ, ಅನುಗೊಂಡನಹಳ್ಳಿ ಉಳಿದ ನಾಲ್ಕು. ಈ ತಾಲ್ಲೂಕಿನಲ್ಲಿ ಕಳೆದ ಎರಡು ದಶಕಗಳಲ್ಲಿ ಹೊಲದ ಪಕ್ಕದಲ್ಲೇ ಗೋದಾಮು, ಲೇಔಟ್, ಕಾರ್ಖಾನೆ ಎದ್ದಿವೆ. ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದಲೇ ಹೊರಟು ಮಾಲೂರಿನ ಕಡೆ ಸಾಗುತ್ತದೆ. ಇಂಥ ಕಡೆ ಒಂದು ಕುಟುಂಬದ ಕೈಗೆ ಬರುವ ಅತಿ ಮುಖ್ಯ ಕಾಗದ ಯಾವುದು? ಪಹಣಿ, ಮ್ಯುಟೇಷನ್, ಸಾಗುವಳಿ ಚೀಟಿ, ಭೂಸ್ವಾಧೀನದ ನೋಟಿಸು. ಅದನ್ನು ಓದಿ, ಅರ್ಥ ಮಾಡಿಕೊಂಡು, ಮೂವತ್ತು ದಿನ ಅಂದರೆ ಮೂವತ್ತು ದಿನದೊಳಗೆ ಆಕ್ಷೇಪಣೆ ಬರೆಯಬಲ್ಲವರು ಮನೆಯಲ್ಲಿ ಒಬ್ಬರಿದ್ದರೆ ಆ ಮನೆಯ ಬಾಳು ಬೇರೆ. ಇಲ್ಲದಿದ್ದರೆ ತಾಲ್ಲೂಕು ಕಚೇರಿ ಎದುರಿನ ಅರ್ಜಿ ಬರೆಯುವವರೇ ಆಧಾರ. ಹತ್ತನೇ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನ ಎಂಬ ಪ್ರಶ್ನೆ ಬರುತ್ತದಲ್ಲ, ಇಂದ, ಗೆ, ಮಾನ್ಯರೆ, ವಿಷಯ ಎಂದು ಶುರುವಾಗುವಂಥದ್ದು, ಅದನ್ನು ಮಕ್ಕಳು ಅಂಕಕ್ಕೆಂದು ಬಾಯಿಪಾಠ ಮಾಡುತ್ತಾರೆ. ಅದೇ ಪತ್ರವನ್ನು ಅವರ ಅಪ್ಪ ಹೊಸಕೋಟೆಯಲ್ಲಿ ದುಡ್ಡು ಕೊಟ್ಟು ಬರೆಸುತ್ತಿರುತ್ತಾರೆ.

ಆಯ್ಕೆಯ ಮಾತು ನಿಜವಾಗಿ ಶುರುವಾಗುವುದು ಪಿಯುಸಿಯಲ್ಲಲ್ಲ, ಎಂಟನೇ ತರಗತಿಯಲ್ಲಿ. ಹೈಸ್ಕೂಲಿಗೆ ಸೇರುವಾಗ ಪ್ರಥಮ, ದ್ವಿತೀಯ, ತೃತೀಯ ಭಾಷೆ ಯಾವುದೆಂದು ದಾಖಲಾಗುತ್ತದೆ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದೆರಡು ಭಾಷೆಗಳಿಗೆ ತಲಾ 100. ಅಂದರೆ ಅರ್ಧಕ್ಕಿಂತ ಹೆಚ್ಚು ಅಂಕ ಭಾಷೆಗಳದ್ದೇ. ಸಮಾಜ ವಿಜ್ಞಾನದ ನೂರನ್ನು ಕೂಡಿಸಿದರೆ ಗಣಿತ, ವಿಜ್ಞಾನಗಳ ಪಾಲು ಬರೀ ಇನ್ನೂರು. ಆ ಇನ್ನೂರಕ್ಕೆ ಟ್ಯೂಷನ್ ಇಡಿಸುವ ನಾವು ಮಿಕ್ಕ ನಾನೂರ ಇಪ್ಪತ್ತೈದನ್ನು ಮಕ್ಕಳು ತಾವಾಗಿ ಓದಿಕೊಳ್ಳಲಿ ಎಂದು ಬಿಡುತ್ತೇವೆ.

ಪ್ರಥಮ ಭಾಷೆಯಾಗಿ ಕನ್ನಡ, ತೆಲುಗು, ತಮಿಳು, ಉರ್ದು, ಮರಾಠಿ, ಹಿಂದಿ, ಇಂಗ್ಲಿಷ್, ಸಂಸ್ಕೃತ ಇವುಗಳಲ್ಲಿ ಒಂದನ್ನು ಓದಬಹುದು. ಕಾಗದದ ಮೇಲೆ ಇಷ್ಟು ಆಯ್ಕೆ. ಸರ್ಕಾರಿ ಕನ್ನಡ ಶಾಲೆಯ ಮಗುವಿಗೆ ನಿಜದಲ್ಲಿ ಇರುವುದು ಕನ್ನಡ, ಇಂಗ್ಲಿಷ್, ಹಿಂದಿ ಎಂಬ ಒಂದೇ ಸಾಲು. ಬೆಂಗಳೂರಿನ ಕಡೆಯ ಖಾಸಗಿ ಶಾಲೆಗಳಿಗೆ ಹೋಗುವ ಮಕ್ಕಳಿಗೆ ಇಂಗ್ಲಿಷ್ ಪ್ರಥಮ, ಕನ್ನಡ ದ್ವಿತೀಯ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರ ಪ್ರಕಾರ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಆದರೆ ಪ್ರಥಮ ಭಾಷೆಯ 'ಸಿರಿ ಕನ್ನಡ' ಪಠ್ಯಕ್ಕೂ ದ್ವಿತೀಯ ಭಾಷೆಯ 'ತಿಳಿ ಕನ್ನಡ' ಪಠ್ಯಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಹಳಗನ್ನಡದ ಪದ್ಯವಿದೆ, ಛಂದಸ್ಸು, ಅಲಂಕಾರಗಳಿವೆ. ಎರಡನೆಯದು ಹೆಸರಿಗೆ ತಕ್ಕಂತೆ ತಿಳಿಯಾದದ್ದು. ಮುಂದೆ ಕನ್ನಡವನ್ನು ಐಚ್ಛಿಕವಾಗಿ ಓದುವ ಆಸೆಯಿರುವ ಮಗುವಿಗೆ ಈ ಅಂತರ ಪಿಯುಸಿಯಲ್ಲಿ ಗೊತ್ತಾಗುತ್ತದೆ.

ಈ ಭಾಷಾ ಸಾಲಿನ ಹಿಂದೆ ದೊಡ್ಡ ಜಗಳದ ಚರಿತ್ರೆಯಿದೆ. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಕನ್ನಡವನ್ನೇ ಓದದೆ ಹೈಸ್ಕೂಲು ದಾಟಬಹುದಾಗಿದ್ದ ಕಾಲದಲ್ಲಿ, 1980ರಲ್ಲಿ, ಸರ್ಕಾರ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕ ಇರಲಿ ಎಂದು 1981ರ ಜನವರಿಯಲ್ಲಿ ವರದಿ ಬಂತು. ಅದರ ಜಾರಿಗಾಗಿ 1982ರಲ್ಲಿ ಸಾಹಿತಿಗಳು ಬೀದಿಗಿಳಿದರು, ಡಾ. ರಾಜಕುಮಾರ್ ಊರೂರು ತಿರುಗಿದರು. ಆ ಮೇಲೆ ಆದೇಶಗಳು, ಅವುಗಳ ಮೇಲೆ ಮೊಕದ್ದಮೆಗಳು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಹೇಳುವವರೆಗೆ ಆ ಜಗಳ ಸಾಗಿತು. ಈಚೆಗೆ, 2025ರ ಆಗಸ್ಟಿನಲ್ಲಿ, ಸುಖದೇವ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಎರಡು ಭಾಷೆ ಸಾಕು ಎಂದು ಶಿಫಾರಸು ಮಾಡಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜೊತೆಗೆ ಇಂಗ್ಲಿಷ್, ಹಿಂದಿ ಎಂದು ನಾಲ್ಕು ಭಾಷೆಗಳ ನಡುವೆ ಬೆಳೆಯುವ ಈ ಗಡಿ ಸೀಮೆಯ ಮಗುವನ್ನು ನೋಡಿದವರಿಗೆ ಆ ಶಿಫಾರಸಿನಲ್ಲಿ ನ್ಯಾಯ ಕಾಣುತ್ತದೆ.

ಹೌದು, ಇಲ್ಲಿ ಬಹಳ ಮನೆಗಳ ಮಾತು ಕನ್ನಡವಲ್ಲ. ತೆಲುಗು, ತಮಿಳು, ಉರ್ದು ಆಡುವವರಿಗೆ ಬರವಣಿಗೆಯ ಕನ್ನಡ ಕಲಿಸುವುದು ಶಾಲೆಯೇ. ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತೂ ತಮಿಳು. ಅವರು ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮಾಡಿ ಮೈಸೂರು ಸಿವಿಲ್ ಸರ್ವಿಸ್ ಸೇರಿದವರು. ಹಗಲೆಲ್ಲ ಕಂದಾಯದ ಕಡತ ನೋಡುತ್ತಲೇ ಕನ್ನಡಕ್ಕೆ ಸಣ್ಣಕಥೆಯನ್ನು ಕಟ್ಟಿಕೊಟ್ಟರು. 1983ರಲ್ಲಿ ಜ್ಞಾನಪೀಠ ಬಂತು. ಆಡಳಿತಕ್ಕೂ ಸಾಹಿತ್ಯದ ಓದಿಗೂ ದೂರವಿಲ್ಲ ಎನ್ನುವುದಕ್ಕೆ ಈ ಸೀಮೆಯವರು ಬೇರೆ ಊರಿನ ಉದಾಹರಣೆ ಹುಡುಕಬೇಕಿಲ್ಲ.

ಇನ್ನು ಪಿಯುಸಿ. ಅರ್ಜಿಯಲ್ಲಿ ಎರಡು ಭಾಗವಿರುತ್ತದೆ. ಒಂದನೇ ಭಾಗದಲ್ಲಿ ಎರಡು ಭಾಷೆ, ಎರಡನೇ ಭಾಗದಲ್ಲಿ ನಾಲ್ಕು ಐಚ್ಛಿಕ ವಿಷಯ. ಒಟ್ಟು ಆರು ವಿಷಯ, 600 ಅಂಕ. ಅಪ್ಪಂದಿರ ಕಣ್ಣೆಲ್ಲ ಎರಡನೇ ಭಾಗದ ಮೇಲೆ. ಒಂದನೇ ಭಾಗದಲ್ಲಿ ಇಂಗ್ಲಿಷಿನ ಜೊತೆಗೆ ಕನ್ನಡವೋ ಸಂಸ್ಕೃತವೋ ಹಿಂದಿಯೋ ಎಂಬುದನ್ನು ಪಕ್ಕದಲ್ಲಿ ನಿಂತ ಗೆಳೆಯನ ಮಾತು ಕೇಳಿ ತುಂಬಿಬಿಡುತ್ತಾರೆ. "ಸಂಸ್ಕೃತ ತಗೋ, ನೂರಕ್ಕೆ ನೂರು ಬೀಳುತ್ತೆ" ಎನ್ನುವ ಮಾತು ಬೆಂಗಳೂರಿನ ಕಾಲೇಜುಗಳಿಂದ ಹೊಸಕೋಟೆಯವರೆಗೆ ಬಂದಿದೆ. ಸಂಸ್ಕೃತವನ್ನು ಪ್ರೀತಿಯಿಂದ ಓದುವವರು ಓದಲಿ, ಅದು ದೊಡ್ಡ ಸಾಹಿತ್ಯದ ಭಾಷೆ. ಆದರೆ ಉತ್ತರವನ್ನು ಆ ಭಾಷೆಯಲ್ಲೇ ಬರೆಯಬೇಕೆಂಬ ಕಡ್ಡಾಯವೂ ಇಲ್ಲದ ಪರೀಕ್ಷೆಯನ್ನು ಅಂಕಕ್ಕಾಗಿ ಆರಿಸಿದ ಹುಡುಗನಿಗೆ ಎರಡು ವರ್ಷದ ಕೊನೆಗೆ ಸಂಸ್ಕೃತವೂ ಬಂದಿರುವುದಿಲ್ಲ, ಇದ್ದ ಕನ್ನಡವೂ ತುಕ್ಕು ಹಿಡಿದಿರುತ್ತದೆ. ರಾಜ್ಯ ಸರ್ಕಾರದ ನೌಕರಿಗೆ ಕೂತಾಗ ಆ ತುಕ್ಕು ಕಾಣುತ್ತದೆ.

ಹೇಗೆಂದರೆ, 2024ರಲ್ಲಿ ಒಂದು ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ನೇಮಕಾತಿ ನಡೆಯಿತು. ಅರ್ಹತೆ ದ್ವಿತೀಯ ಪಿಯುಸಿ, ಯಾವ ವಿಭಾಗವಾದರೂ ಸರಿ. ಮೊದಲು 150 ಅಂಕಗಳ ಕಡ್ಡಾಯ ಕನ್ನಡ ಪರೀಕ್ಷೆ. ಅದರಲ್ಲಿ ಕನಿಷ್ಠ 50 ಬಾರದವರ ಮಿಕ್ಕ ಪತ್ರಿಕೆ ಲೆಕ್ಕಕ್ಕಿಲ್ಲ. ಮಿಕ್ಕ ಎರಡು ಪತ್ರಿಕೆಗಳಲ್ಲಿ ಒಂದು ಸಾಮಾನ್ಯ ಜ್ಞಾನ, ಇನ್ನೊಂದರಲ್ಲಿ ಸಾಮಾನ್ಯ ಕನ್ನಡ, ಸಾಮಾನ್ಯ ಇಂಗ್ಲಿಷ್, ಕಂಪ್ಯೂಟರ್. ಚರಿತ್ರೆ, ಸಂವಿಧಾನ, ಅರ್ಥಶಾಸ್ತ್ರ, ಭೂಗೋಳ ಓದಿಕೊಂಡು ಎರಡು ಭಾಷೆ ಚೆನ್ನಾಗಿ ಬಲ್ಲ ಆರ್ಟ್ಸ್ ವಿದ್ಯಾರ್ಥಿಗೆ ಈ ಪಠ್ಯ ಅರ್ಧ ಗೊತ್ತಿರುವಂಥದ್ದೇ. ಇದರ ಮೇಲೆ, ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇರ ನೇಮಕಾತಿಯಲ್ಲಿ ಶೇ 5 ಮೀಸಲಾತಿಯಿದೆ. ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಬೇರೆ ಮೀಸಲಾತಿಯಿದೆ. ಎರಡಕ್ಕೂ ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ, ಅದಕ್ಕೆ ಬಿಇಒ ಮೇಲುಸಹಿ ಬೇಕು. ಹೋಬಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ಮಗುವಿಗೆ ಎರಡೂ ಸಿಗಬಹುದು. ಅರ್ಜಿ ಹಾಕುವ ಕೊನೆಯ ದಿನ ಅದಕ್ಕೆ ಓಡಾಡುವ ಬದಲು ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಎರಡು ಭಾಷೆ ಬಲ್ಲವರ ಕೊರತೆ ಎಷ್ಟಿದೆ ಎಂಬುದನ್ನು ರಾಜ್ಯವೇ ಕಂಡಿದೆ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ತಪ್ಪುಗಳು ಎಷ್ಟಿದ್ದವೆಂದರೆ ಸರ್ಕಾರ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳ ದೂರು ಬಂತು. ಕನ್ನಡದಲ್ಲಿ ಬರೆಯುವ ಹಳ್ಳಿಯ ಅಭ್ಯರ್ಥಿಗಳು ಪ್ರಶ್ನೆ ಅರ್ಥವಾಗದೆ ತೊಳಲಾಡಿದರು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇಂಗ್ಲಿಷಿನಲ್ಲಿರುವ ಅರ್ಥಶಾಸ್ತ್ರದ ಪ್ರಶ್ನೆಯನ್ನು ಕನ್ನಡಕ್ಕೆ ತರಲು ಕನ್ನಡ, ಇಂಗ್ಲಿಷ್, ಅರ್ಥಶಾಸ್ತ್ರ ಮೂರೂ ಗೊತ್ತಿರುವ ಮನುಷ್ಯ ಬೇಕು. ಅಂಥವರು ತಯಾರಾಗುವುದು ಆರ್ಟ್ಸ್ ತರಗತಿಯಲ್ಲೇ. ನ್ಯಾಯಾಲಯ, ವಿಧಾನಮಂಡಲ, ಪಠ್ಯಪುಸ್ತಕ, ಸುದ್ದಿಮನೆ, ಬ್ಯಾಂಕು ಎಲ್ಲ ಕಡೆ ಅವರಿಗೆ ಕೆಲಸವಿದೆ.

ಆರ್ಟ್ಸ್‌ನಲ್ಲಿ ಯಾವ ಕಾಂಬಿನೇಷನ್ ಎಂಬುದಕ್ಕೆ ಬಂದರೆ, ಹೋಬಳಿ ಮಟ್ಟದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎಚ್‌ಇಪಿಎಸ್: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಸಮಾಜಶಾಸ್ತ್ರದ ಬದಲು ಐಚ್ಛಿಕ ಕನ್ನಡವೋ ಶಿಕ್ಷಣಶಾಸ್ತ್ರವೋ ಭೂಗೋಳವೋ ಇರುವುದೂ ಉಂಟು. ಇಲಾಖೆಯ ಪಟ್ಟಿಯಲ್ಲಿ ಮನಃಶಾಸ್ತ್ರ, ತರ್ಕಶಾಸ್ತ್ರ, ಗೃಹವಿಜ್ಞಾನ, ಸಂಗೀತ ಎಲ್ಲ ಇವೆ. ಪಾಠ ಮಾಡುವವರಿದ್ದ ಕಡೆ ಮಾತ್ರ ಸಿಗುತ್ತವೆ. ಆದ್ದರಿಂದ ಕಾಲೇಜು ಮೊದಲು, ವಿಷಯ ಆಮೇಲೆ ಎಂಬ ಕ್ರಮವನ್ನು ತಿರುಗಿಸಬೇಕು. ಬಸ್ಸಿನಲ್ಲಿ ಹೊಸಕೋಟೆಗೋ ಮಾಲೂರಿಗೋ ಹೋಗಿ ಬರುವ ಮಗುವಿಗೆ ಇನ್ನೊಂದು ಕಾಲೇಜಿನಲ್ಲಿ ಭೂಗೋಳ ಸಿಗುವಂತಿದ್ದರೆ ಅದನ್ನು ವಿಚಾರಿಸಿ ನೋಡುವುದು ಒಂದು ದಿನದ ಕೆಲಸ. ಭೂಗೋಳಕ್ಕೆ ಪ್ರಾಯೋಗಿಕ ಪರೀಕ್ಷೆಯಿದೆ, ನಕ್ಷೆ ಓದುವುದು, ಅಳತೆ ಮಾಡುವುದು ಕಲಿಸುತ್ತಾರೆ. ರಸ್ತೆ, ಲೇಔಟ್, ಕೆರೆ ಒತ್ತುವರಿಗಳ ಈ ಸೀಮೆಯಲ್ಲಿ ಅದಕ್ಕಿಂತ ಕೈಹಿಡಿಯುವ ವಿಷಯ ಇನ್ನೊಂದಿದೆ ಎಂದು ನನಗನಿಸುವುದಿಲ್ಲ.

ಇತಿಹಾಸದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಬಾಯಿಪಾಠದ ಇಸವಿಗಳ ವಿಷಯವೆಂದು ಅದಕ್ಕೆ ಕೆಟ್ಟ ಹೆಸರಿದೆ. ಈ ಕಡೆಯ ಹಳ್ಳಿಗಳ ಕೆರೆ ಏರಿಯ ಮೇಲೆ, ಊರ ಬಾಗಿಲಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ, ಬಿಲ್ಲು ಹಿಡಿದ ವೀರ. ಕೆಲವು ಕಡೆ ಅವನ ಹಿಂದೆ ಸಾಲಾಗಿ ಹಸುಗಳು. ಮೇಲಿನದರಲ್ಲಿ ಅವನನ್ನು ಎರಡು ಕಡೆ ಹಿಡಿದು ಒಯ್ಯುವ ಅಪ್ಸರೆಯರು. ತುರು ಕದ್ದವರೊಡನೆ ಕಾದಿ ಸತ್ತ ರೈತಯೋಧರ ನೆನಪು ಅದು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಹೊಸಕೋಟೆ ತಾಲ್ಲೂಕಿನ ಶಾಸನಗಳೂ ಸೇರಿವೆ. ಹತ್ತು, ಹನ್ನೊಂದನೇ ಶತಮಾನದ ಸುತ್ತ ಗಂಗರ ನಾಡು ಚೋಳರ ಕೈಸೇರಿದ್ದರಿಂದ ಇಲ್ಲಿನ ಕಲ್ಲುಗಳಲ್ಲಿ ಕನ್ನಡದ ಪಕ್ಕದಲ್ಲೇ ತಮಿಳು ಬರಹ ಸಿಗುತ್ತದೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಆಡುವುದು ಏಕೆ ಎಂಬ ಪ್ರಶ್ನೆ ಹುಡುಗಿಯೊಬ್ಬಳಿಗೆ ಹುಟ್ಟಿದರೆ ಅದರ ಉತ್ತರದ ಒಂದು ತುದಿ ಆ ಕಲ್ಲುಗಳಲ್ಲಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಭಾಗದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸಕ್ಕೆ ಕೈಹಾಕಿದೆ. ಯಂತ್ರ ಕಲ್ಲಿನ ಗೆರೆಯನ್ನು ಹಿಡಿದುಕೊಡುತ್ತದೆ. ಆ ಗೆರೆಯನ್ನು ಓದಲು ಹಳಗನ್ನಡ ಬಲ್ಲ ಕಣ್ಣು ಬೇಕು. ಪಿಯುಸಿಯ ಇತಿಹಾಸಕ್ಕೆ ಪ್ರಾಜೆಕ್ಟ್ ಬರೆಯಬೇಕು. ಇಂಟರ್ನೆಟ್ಟಿನಿಂದ ತಾಜಮಹಲಿನ ಚಿತ್ರ ಇಳಿಸಿ ಅಂಟಿಸುವ ಬದಲು ಊರ ಮುಂದಿನ ವೀರಗಲ್ಲನ್ನು ಅಳೆದು, ತೊಳೆದು, ಹಿರಿಯರನ್ನು ಮಾತಾಡಿಸಿ ನಾಲ್ಕು ಪುಟ ಬರೆದರೆ ಆ ಮಗು ಇತಿಹಾಸಕಾರರ ಕೆಲಸವನ್ನೇ ಮಾಡಿದಂತೆ.

ಇದೇ ಜಿಲ್ಲೆಯ ದೊಡ್ಡಬಳ್ಳಾಪುರ ನೇಕಾರರ ಊರು. ಅಲ್ಲಿ 1954ರಲ್ಲಿ ಹುಟ್ಟಿದ ಡಿ.ಆರ್. ನಾಗರಾಜ್ ಕನ್ನಡ ಸಾಹಿತ್ಯ ಓದಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಶಿಕಾಗೊ ವಿಶ್ವವಿದ್ಯಾಲಯದವರೆಗೆ ಹೋದರು. ದಲಿತ ಚಳವಳಿಯ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳನ್ನು ಇವತ್ತಿಗೂ ದೇಶದ ಹೊರಗೆ ಓದುತ್ತಾರೆ. 1998ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತನಾಲ್ಕು ವರ್ಷ. ಮಗ್ಗದ ಸದ್ದಿನ ಊರಿನಿಂದ ಲೋಕದ ವಿದ್ವತ್ತಿನ ನಡುವೆ ಹೋಗಿ ಕೂತವರು ಅವರು, ಭಾಷೆಯ ಓದಿನಿಂದಲೇ.

ಕೋಲಾರದ ಕೆಂಬೋಡಿಯ ಕೆ.ಆರ್. ನಂದಿನಿಯ ಹೆಸರನ್ನು ಈ ಭಾಗದವರು ಮರೆತಿರಲಾರರು. ಸಿವಿಲ್ ಎಂಜಿನಿಯರಿಂಗ್ ಓದಿದ್ದ ಅವರು ಯುಪಿಎಸ್‌ಸಿ ಪರೀಕ್ಷೆಗೆ ಐಚ್ಛಿಕ ವಿಷಯವಾಗಿ ಆರಿಸಿಕೊಂಡದ್ದು ಕನ್ನಡ ಸಾಹಿತ್ಯವನ್ನು. 2017ರಲ್ಲಿ ಫಲಿತಾಂಶ ಬಂದಾಗ ಇಡೀ ದೇಶಕ್ಕೆ ಮೊದಲಿಗರಾದರು. ಎಂಜಿನಿಯರಿಂಗ್ ಓದಿದವರೇ ಕನ್ನಡದ ಬಾಗಿಲಿಗೆ ಬರುತ್ತಿರುವಾಗ, ಕನ್ನಡವನ್ನು ಚಿಕ್ಕಂದಿನಿಂದ ಓದಿಕೊಂಡು ಬಂದವರು ಅದನ್ನು ಕೈಲಾಗದವರ ವಿಷಯ ಎನ್ನುವುದು ಏಕೆ?

ಆದರೆ ಕಷ್ಟಗಳನ್ನೂ ಮುಚ್ಚಿಡಬಾರದು. 2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಪಾಸಾದವರು ಶೇ 82ರಷ್ಟು, ಕಲಾ ವಿಭಾಗದಲ್ಲಿ ಶೇ 53ರಷ್ಟು. ಆರ್ಟ್ಸ್ ಸುಲಭ ಎಂದು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮೊದಲ ಸಲಕ್ಕೆ ದಾಟಲಿಲ್ಲ. ಪುಟಗಟ್ಟಲೆ ಬರೆಯಬೇಕಾದ ಪರೀಕ್ಷೆ ಅದು, ಬರೆಯುವ ಅಭ್ಯಾಸವಿಲ್ಲದವರಿಗೆ ಸುಲಭವಲ್ಲ. ಅದೇ ವರ್ಷ ಕಲಾ ವಿಭಾಗದಲ್ಲಿ ರಾಜ್ಯಕ್ಕೆ ಮೊದಲ ಸ್ಥಾನದ 597 ಅಂಕ ಬಂದದ್ದು ವಿಜಯನಗರ ಜಿಲ್ಲೆಯ ಕೊಟ್ಟೂರಿನ ಇಂದು ಕಾಲೇಜಿಗೆ. ದೊಡ್ಡ ನಗರದಿಂದ ದೂರದ ಊರು ಅದು. ಆ ಕಾಲೇಜು ಬಡ ಮನೆಗಳ ಮಕ್ಕಳನ್ನು ಕೂರಿಸಿ ಓದಿಸಿ, ವರ್ಷದಿಂದ ವರ್ಷಕ್ಕೆ ಆರ್ಟ್ಸ್‌ನಲ್ಲೇ ರ‍್ಯಾಂಕ್ ತೆಗೆಸುತ್ತಾ ಬಂದಿದೆ. ಮನಸ್ಸಿಟ್ಟು ಕಲಿಸಿದರೆ ಕೊಟ್ಟೂರಿನಲ್ಲಿ ಆಗುವುದು ಹೊಸಕೋಟೆ ತಾಲ್ಲೂಕಿನಲ್ಲೂ ಆಗುತ್ತದೆ.

ಎರಡನೆಯ ಕಷ್ಟ, ದಾರಿ ಒಮ್ಮುಖವಾದದ್ದು. ಸೈನ್ಸ್ ಓದಿದವರು ಆಮೇಲೆ ಬಿ.ಎ.ಗೆ ಬರಬಹುದು, ಆರ್ಟ್ಸ್ ಓದಿದವರು ಎಂಜಿನಿಯರಿಂಗಿಗೋ ಮೆಡಿಕಲ್ಲಿಗೋ ಹೋಗಲಾಗುವುದಿಲ್ಲ. ಹದಿನಾರರ ವಯಸ್ಸಿನಲ್ಲಿ ಇದನ್ನು ತಿಳಿದೇ ಅರ್ಜಿ ತುಂಬಬೇಕು. ಐದು ವರ್ಷದ ಕಾನೂನು ಪದವಿಗೆ ಮಾತ್ರ ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಜಮೀನು ವ್ಯಾಜ್ಯಗಳ ಈ ಸೀಮೆಯಲ್ಲಿ ಕನ್ನಡದಲ್ಲಿ ವಾದಪತ್ರ ಬರೆಯಬಲ್ಲ ವಕೀಲರಿಗೆ ಬಿಡುವಿರುವುದಿಲ್ಲ.

ಮೇಷ್ಟ್ರಾಗುವ ಆಸೆಯಿರುವವರಿಗೆ ಒಂದು ಎಚ್ಚರಿಕೆ. ಹೈಸ್ಕೂಲಿನಲ್ಲಿ ಕನ್ನಡ ಶಿಕ್ಷಕರಾಗಬೇಕಾದರೆ ಪದವಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿರಬೇಕು, ಮೇಲೆ ಬಿ.ಇಡಿ. ಆಗಿರಬೇಕು. ಪಿಯು ಉಪನ್ಯಾಸಕರಾಗಲು ಆಯಾ ವಿಷಯದಲ್ಲೇ ಎಂ.ಎ., ಶೇ 55 ಅಂಕ ಮತ್ತು ಬಿ.ಇಡಿ. ಬೇಕು. 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿ, ಮೂರು ವಿಷಯಗಳಿಗೂ ಸಮಾನ ತೂಕ ಬಂದಿದೆ. ಹೊಸಕೋಟೆಯ ಕಾಲೇಜುಗಳು ಸೇರಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಅಡಿ ಯಾವ ಕಾಲೇಜಿನಲ್ಲಿ ಯಾವ ಮೂರು ಒಟ್ಟಿಗೆ ಸಿಗುತ್ತವೆ ಎಂದು ಪಿಯುಸಿಯಲ್ಲೇ ವಿಚಾರಿಸಿಟ್ಟುಕೊಂಡರೆ, ಬಿ.ಎ. ಮುಗಿದ ಮೇಲೆ ಅರ್ಹತೆಯೇ ಇಲ್ಲವೆಂದು ತಿಳಿದು ಅಳುವುದು ತಪ್ಪುತ್ತದೆ. ಹಾಗೆ ಅತ್ತವರು ನಮ್ಮ ನಡುವೆ ಇದ್ದಾರೆ.

ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಕಾಲೇಜಿಗೆ ಹೋಗುವ ಮುಂಚೆ ಮಗುವಿನ ಮಾರ್ಕ್ಸ್ ಕಾರ್ಡನ್ನು ಒಟ್ಟು ಅಂಕದಿಂದ ಓದಬೇಡಿ, ಸಾಲುಸಾಲಾಗಿ ಓದಿ. ಭಾಷೆಯಲ್ಲೂ ಸಮಾಜದಲ್ಲೂ ತೊಂಬತ್ತು ದಾಟಿ, ಗಣಿತದಲ್ಲಿ ಐವತ್ತರಲ್ಲಿ ನಿಂತ ಮಗುವನ್ನು ಸೈನ್ಸಿಗೆ ದೂಡಬೇಡಿ. ಮನೆಯಲ್ಲಿ ದಿನಪತ್ರಿಕೆ ತರಿಸಿ, ಅವಳಿಂದಲೇ ಜೋರಾಗಿ ಓದಿಸಿ, ನಿಮ್ಮ ಅರ್ಜಿಗಳನ್ನು ಅವಳ ಕೈಯಲ್ಲೇ ಬರೆಸಿ. ಪದವಿ ಪೂರ್ವ ಶಿಕ್ಷಣ ಇಲಾಖೆಯವರಲ್ಲಿ ಇನ್ನೊಂದು: ಹೋಬಳಿ ಮಟ್ಟದ ಸರ್ಕಾರಿ ಕಾಲೇಜುಗಳಿಗೆ ಐಚ್ಛಿಕ ಕನ್ನಡಕ್ಕೂ ಭೂಗೋಳಕ್ಕೂ ಕಾಯಂ ಉಪನ್ಯಾಸಕರನ್ನು ಕೊಡಿ. ಪಾಠ ಹೇಳುವವರು ಬಂದರೆ ಓದುವವರು ಬರುತ್ತಾರೆ.